ಇಟ್ಟಿಗೆಯ ಬಿಸಿಲು

ಸೊಪ್ಪಿನ ಒಂದೊಂದೇ ಎಲೆಯನ್ನು ಹಲಗೆಯ ಮೇಲೆ ಹರಡಿ, ನಡುವಿನ ನಾರು ತೆಗೆದು, ಉಗುರಿನ ಚೂರಿನಷ್ಟು ಸಣ್ಣಗೆ ಹೆಚ್ಚುತ್ತಿದ್ದ ಪಾದರಸದವರು ನಾಲ್ಕನೆಯ ಎಲೆಗೆ ಬಂದಾಗ ಅವರ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದರು. ಆರನೆಯ ಎಲೆಗೆ ಮತ್ತೆ ನೋಡಿದರು.

"ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು. ಒಂದು ದಿನ ಒಂದು ಈರುಳ್ಳಿ ಹೆಚ್ಚಿಕೊಟ್ಟಿದ್ದೀರಾ?"

"ಈರುಳ್ಳಿ ಅದಕ್ಕೆ ಆಗಲ್ಲ," ಎಂದರು ಪಾದರಸದವರು, ತಲೆ ಎತ್ತದೆ. "ಚೀಟಿಯಲ್ಲಿ ಬರೆದಿದೆ."

"ನಾನು ಕೇಳಿದ್ದು ನನ್ನ ವಿಷಯ."

"ನಿನ್ನ ವಿಷಯ ಚೀಟಿಯಲ್ಲಿಲ್ಲ."

ಅವರಿಗೆ ಪಾದರಸದವರು ಎಂಬ ಹೆಸರು ಬಂದದ್ದು ಚುರುಕಿನಿಂದಲ್ಲ. ಅವರ ಚುರುಕನ್ನು ಕಣ್ಣಾರೆ ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರು ಹವಾಮಾನ ಕಚೇರಿಯಲ್ಲಿ ಥರ್ಮಾಮೀಟರ್ ಓದುವವರು. ಕಚೇರಿಯ ಹಿಂದೆ ಹುಲ್ಲಿನ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆಯೊಂದಿತ್ತು. ದಿನಕ್ಕೆ ಮೂರು ಸಲ ಅದರ ಬಾಗಿಲು ತೆಗೆದು, ಉಸಿರಿನ ಬಿಸಿ ತಾಗದಂತೆ ಮುಖ ಓರೆ ಮಾಡಿ, ಒಳಗೆ ಪಾದರಸ ಎಲ್ಲಿ ನಿಂತಿದೆ ಎಂದು ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರು. ಆ ಮೂವತ್ತೊಂದು ವರ್ಷದ ರಿಜಿಸ್ಟರುಗಳಲ್ಲಿ ಒಂದೇ ಒಂದು ತಿದ್ದು ಇರಲಿಲ್ಲ. ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ಮೇಲಧಿಕಾರಿಗಳು ಮೊದಲು ಮಳೆ ಅಳೆಯುವ ಡಬ್ಬಿ ತೋರಿಸುತ್ತಿದ್ದರು, ಆಮೇಲೆ ಗಾಳಿಯ ದಿಕ್ಕು ತೋರುವ ತಗಡಿನ ಕೋಳಿ, ಆಮೇಲೆ ಪಾದರಸದವರನ್ನು.

ಇಂಥವರ ಮನೆಗೆ ಓತಿ ಬಂದದ್ದು ಅವರ ಬಾಯಿಯ ದೆಸೆಯಿಂದ. ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ದಾದಿ. ಯಾರೋ ಸಾಕಲಾಗದೆ ಅಲ್ಲಿ ಬಿಟ್ಟುಹೋದ ಮೂರು ತಿಂಗಳ ಮರಿಯೊಂದನ್ನು ಅವಳು ಮನೆಗೆ ತಂದಿದ್ದಳು. ಬೆರಳುದ್ದದ ಮೈ, ಅದಕ್ಕಿಂತ ಉದ್ದ ಬಾಲ, ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ಭಾನುವಾರದ ಊಟದ ಹೊತ್ತಿಗೆ ಮಗಳು ಅದನ್ನು ತೋರಿಸಿ, "ಇದನ್ನ ಸಾಕೋದು ಎಲ್ಲರ ಕೈಲಾಗಲ್ಲ ಅಪ್ಪ. ಪೆಟ್ಟಿಗೆ ಒಂದೇ, ಈ ತುದೀಲಿ ನಲವತ್ತೊಂದು ಡಿಗ್ರಿ, ಆ ತುದೀಲಿ ಇಪ್ಪತ್ತಾರು ಇರಬೇಕು," ಎಂದಳು.

"ಶಾಖದ ವಿಷಯ ನನಗೆ ಹೇಳ್ತೀಯಾ," ಎಂದು ಪಾದರಸದವರು ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅಳಿಯ, ಮೃದು ಮಾತಿನವನು, ಮೃದುವಾಗಿಯೇ ಹೇಳಿದ: "ಮಾವ ಶಾಖ ಓದೋರು. ಶಾಖ ಮಾಡೋದು ಬೇರೆ ವಿದ್ಯೆ, ಬಿಡಿ."

ಸಂಜೆ ಬಸ್ಸಿನಲ್ಲಿ ಪಾದರಸದವರ ತೊಡೆಯ ಮೇಲೆ ತೂತು ಕೊರೆದ ರಟ್ಟಿನ ಡಬ್ಬಿಯಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮುಂದಿನ ಒಂದು ವಾರ ಆ ಮನೆಯಲ್ಲಿ ನಡೆದದ್ದನ್ನು ಮನೆ ಕಟ್ಟುವುದು ಎಂದೇ ಹೇಳಬೇಕು. ಮುಚ್ಚಿಹೋದ ಪುಸ್ತಕದಂಗಡಿಯಿಂದ ಗಾಜಿನ ಶೋಕೇಸು ಬಂತು. ಅದು ಒಳಗೆ ಹಿಡಿಸಲೆಂದು ಬಟ್ಟೆಯ ಬೀರು ಮೊಗಸಾಲೆಗೆ ಹೋಯಿತು. ಎಡತುದಿಯಲ್ಲಿ ಕಾಯಿಸುವ ದೀಪ, ಅದರ ನೇರ ಕೆಳಗೆ ಮಲಗಿ ಮೈಕಾಯಿಸಲು ಒಂದು ಇಟ್ಟಿಗೆ. ಮೇಲೆ ಉದ್ದಕ್ಕೂ ಬಿಸಿಲಿನ ಗುಣವಿರುವ ಬಿಳಿ ಟ್ಯೂಬು. ಬಲತುದಿಯಲ್ಲಿ ಅಡಗಿ ಕೂರಲು ಅರ್ಧ ಒಡೆದ ಹೂಕುಂಡ. ನೆಲಕ್ಕೆ ಮರಳು ಹಾಕಕೂಡದು, ಮರಿ ನುಂಗಿದರೆ ಹೊಟ್ಟೆ ಕಟ್ಟುತ್ತದೆ ಎಂದು ಮಗಳ ಚೀಟಿಯಲ್ಲಿತ್ತು. ಬಚ್ಚಲಿಗೆಂದು ತಂದಿಟ್ಟಿದ್ದ ಹಾಸುಬಿಲ್ಲೆಗಳು ಅಲ್ಲಿ ಕೂತವು. ತಿನ್ನಿಸುವ ಹುಳ ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು ಎಂದೂ ಇತ್ತು. ಪಾದರಸದವರು ಮರಿಯ ಹಣೆಯನ್ನು ಅಳತೆಪಟ್ಟಿ ಹಿಡಿದು ಅಳೆದರು. ಆಮೇಲೆ ಅಂಗಡಿಗೆ ಹೋಗಿ ಜೀರುಂಡೆಗಳನ್ನು ಅಳೆಯತೊಡಗಿದರು. ಅಂಗಡಿಯವನು, "ಸ್ವಾಮಿ, ಅದಕ್ಕೆ ಬಟ್ಟೆ ಹೊಲಿಸ್ತೀರಾ?" ಎಂದು ಕೇಳಿದ.

"ನಾವು ಮಲಗೋ ಕೋಣೇಲಿ ದೀಪ ಕೆಟ್ಟು ಎರಡು ತಿಂಗಳಾಯ್ತು," ಎಂದರು ಹೆಂಡತಿ. "ಈ ಅಜ್ಜನಿಗೆ ಎರಡೆರಡು."

ಗಡ್ಡ ಕಂಡದ್ದೇ ಅವರು ಅದಕ್ಕೆ ಅಜ್ಜ ಎಂದು ಹೆಸರಿಟ್ಟಿದ್ದರು.

ಇಷ್ಟಾದ ಮೇಲೆ ಪಾದರಸದವರು ಇಟ್ಟಿಗೆಯ ಮೇಲೊಂದು, ಕುಂಡದ ಬಳಿಯೊಂದು ಥರ್ಮಾಮೀಟರ್ ಇಟ್ಟು, ಕಚೇರಿಯಲ್ಲಿ ಮಾಡಿದಂತೆಯೇ ಹೊತ್ತು ಹೊತ್ತಿಗೆ ಓದಿ ಬರೆಯತೊಡಗಿದರು. ಬರೆದದ್ದು ಕಚೇರಿಯ ಜೇಬುಪುಸ್ತಕದಲ್ಲೇ. ಈ ಜೇಬುಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಉಂಟು. ಪಾದರಸ ನೋಡಿದ ಜಾಗದಲ್ಲೇ ನಿಂತು ಅಂಕಿಯನ್ನು ಜೇಬುಪುಸ್ತಕದಲ್ಲಿ ಬರೆಯಬೇಕು. ನೆನಪನ್ನು ನಂಬಕೂಡದು. ಆಮೇಲೆ ಮೇಜಿಗೆ ಬಂದು ಅದನ್ನು ಕಂಡ ಹಾಗೆ ರಿಜಿಸ್ಟರಿಗೆ ಇಳಿಸಿ ಮುಖ್ಯ ಕಚೇರಿಗೆ ಕಳಿಸಬೇಕು. ಇಳಿಸುವಾಗ ತಲೆ ಓಡಿಸಕೂಡದು. ಈ ಕೊನೆಯದನ್ನು ಪಾದರಸದವರು ಹೊಸಬರಿಗೆ ಮೂರು ಮೂರು ಸಲ ಹೇಳುತ್ತಿದ್ದರು. ಪುಸ್ತಕದ ಎಡಪುಟ ಇಟ್ಟಿಗೆಗೆ, ಬಲಪುಟ ಊರಿಗೆ ಎಂದು ಅವರು ಹಂಚಿಕೊಟ್ಟಿದ್ದರು.

ಒಂದು ಗುರುವಾರ ಮಧ್ಯಾಹ್ನ ಅವರು ಮನೆಯಲ್ಲಿ ಇಟ್ಟಿಗೆ ಓದಿ ನಲವತ್ತೊಂದು ಪಾಯಿಂಟ್ ಆರು ಎಂದು ಎಡಕ್ಕೆ ಬರೆದರು. ಹಿಂದಿರುಗುವಾಗ ಅಂಗಡಿಯಲ್ಲಿ ಒಂದು ಡಬ್ಬಿ ಜೀರುಂಡೆ ಕೊಂಡು ಜೇಬಿಗೆ ಹಾಕಿದರು. ಕಚೇರಿಯ ಬಿಳಿ ಪೆಟ್ಟಿಗೆಯ ಮುಂದೆ ನಿಂತು ಮೂವತ್ತು ಪಾಯಿಂಟ್ ಎಂಟು ಎಂದು ಬಲಕ್ಕೆ ಬರೆದರು. ಮೋಡ ಕವಿದ ದಿನ; ಗಾಳಿ ಇತ್ತು. ಎಲ್ಲವೂ ಸರಿಯಾಗಿತ್ತು. ಮೇಜಿಗೆ ಬಂದು ಕೂತರೆ ಮೇಲಧಿಕಾರಿಗಳು ಯಾರೋ ಮೂವರನ್ನು ಕರೆದುಕೊಂಡು ಒಳಗೆ ಬಂದರು.

"ಇವರೇ," ಎಂದರು ಮೇಲಧಿಕಾರಿಗಳು. "ಮೂವತ್ತೊಂದು ವರ್ಷ. ಒಂದು ತಿದ್ದು ಇಲ್ಲ. ಈಗ ಬರೀತಾರೆ, ನೋಡಿ."

ಮೂವರೂ ಬಗ್ಗಿ ನೋಡಿದರು. ಅದೇ ಗಳಿಗೆಗೆ ಡಬ್ಬಿಯ ಮುಚ್ಚಳ ಸಡಿಲಾಗಿ ಒಂದು ಜೀರುಂಡೆ ಜೇಬಿನಿಂದ ಹೊರಟು ರಿಜಿಸ್ಟರಿನ ತೆರೆದ ಪುಟದ ಅಂಚಿನಲ್ಲಿ ಕೂತಿತು. ಪಾದರಸದವರು ಬದುಕಿನಲ್ಲಿ ಮೊದಲ ಸಲ ಚುರುಕಾದರು. ಎಡಗೈ ಅದರ ಮೇಲೆ ಬಿತ್ತು. ಜೇಬುಪುಸ್ತಕ ಮಡಚಿಕೊಂಡಿತು. ಮುಷ್ಟಿಯೊಳಗೆ ಹುಳ ಒದೆಯುತ್ತಿತ್ತು, ಎದುರಿಗೆ ಮೂವರು ದೊಡ್ಡವರು ಉಸಿರು ಹಿಡಿದಿದ್ದರು. ಬಲಗೈ ಹೆಬ್ಬೆರಳಿನಿಂದ ಪುಸ್ತಕ ತೆರೆದು, ಕಣ್ಣಿಗೆ ಬಿದ್ದ ಅಂಕಿಯನ್ನು ಕಂಡ ಹಾಗೆ, ತಲೆ ಓಡಿಸದೆ, ಮುತ್ತಿನಂಥ ಅಕ್ಷರದಲ್ಲಿ ಇಳಿಸಿದರು. ಮುಖ್ಯ ಕಚೇರಿಗೆ ಕಳಿಸಿದರು.

"ನೋಡಿದ್ರಾ ಕೈ," ಎಂದರು ಮೇಲಧಿಕಾರಿಗಳು. "ಒಂದು ಚೂರು ನಡುಗಲ್ಲ."

ಎಡಗೈಯ ಮುಷ್ಟಿಯನ್ನು ಯಾರೂ ನೋಡಲಿಲ್ಲ.

ಸಂಜೆ ಬೀದಿಗೆ ಕಾಲಿಟ್ಟರೆ ಎದುರುಮನೆಯ ದರ್ಜಿಯಮ್ಮ ಬಾಗಿಲಲ್ಲಿ ಕೂತು ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡಿದ್ದಳು. "ಏನಣ್ಣ ಇದು," ಎಂದಳು. "ಮಧ್ಯಾಹ್ನ ತಲೆ ಸಿಡೀತಿತ್ತು. ಯಾಕೋ ಅಂತ ಇದ್ದೆ. ಈಗ ಸುದ್ದೀಲಿ ಹೇಳಿದ್ರು, ನಲವತ್ತೊಂದು ಪಾಯಿಂಟ್ ಆರಂತೆ. ಊರು ಹುಟ್ಟಿದಾಗಿಂದ ಇಷ್ಟು ಬಿಸಿ ಆಗಿಲ್ವಂತೆ."

ಪಾದರಸದವರು ಮನೆಯೊಳಗೆ ಹೋಗಿ ಜೇಬುಪುಸ್ತಕ ತೆರೆದರು. ಎಡಪುಟ ನೋಡಿದರು. ಬಲಪುಟ ನೋಡಿದರು. ಪುಸ್ತಕ ಮುಚ್ಚಿ ಮತ್ತೆ ತೆರೆದರು, ಅಷ್ಟರಲ್ಲಿ ಬದಲಾಗಿರಬಹುದೆಂಬಂತೆ. ಇಟ್ಟಿಗೆಯ ಮೇಲೆ ಮರಿ ಬಾಯಿ ಅರೆ ತೆರೆದು ಸುಖವಾಗಿ ಮಲಗಿತ್ತು.

ತಪ್ಪಾದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಹೊಸಬರಿಗೆ ಕಲಿಸಿದವರೇ ಅವರು. ಮುಖ್ಯ ಕಚೇರಿಗೆ ತಿದ್ದುಪಡಿಯ ಕಾಗದ ಬರೆಯಬೇಕು. ಅಂದೇ ಬರೆದರು. ಮೂರು ಸಾಲು. ಲಕೋಟೆಗೆ ಹಾಕಿ ಅಂಟಿಸಿ, ಬೆಳಿಗ್ಗೆ ಮೊದಲ ಕೆಲಸ ಇದೇ ಎಂದು ಹೆಂಡತಿಗೆ ಹೇಳಿದರು. ಹೆಂಡತಿ ಎಲ್ಲ ಕೇಳಿ, "ಒಂದು ಅಂಕಿ ತಾನೇ. ಹಾಕಿಬಿಡಿ," ಎಂದರು.

ಬೆಳಿಗ್ಗೆ ಕಚೇರಿಯ ಬಾಗಿಲಲ್ಲೇ ಮೇಲಧಿಕಾರಿಗಳು ಅವರ ಕೈ ಹಿಡಿದು ಕುಲುಕಿದರು. ಮುಖ್ಯ ಕಚೇರಿಯಿಂದ ನಾಲ್ಕು ಸಲ ಫೋನು ಬಂದಿತ್ತು. ಶಾಲೆಗಳು ಹನ್ನೊಂದಕ್ಕೆ ಬಿಡಬೇಕೆಂದು ಆದೇಶವಾಗಿತ್ತು.

"ಸರ್, ನಿನ್ನೆಯ ಅಂಕಿ," ಎಂದರು ಪಾದರಸದವರು.

"ಗೊತ್ತು ಗೊತ್ತು. ಕೆರೆ ಕಚೇರಿಯವಳು ಮೂವತ್ತು ಪಾಯಿಂಟ್ ಎರಡು ಅಂತ ಕಳಿಸಿದಾಳೆ. ಹನ್ನೆರಡು ಕಿಲೋಮೀಟರಿಗೆ ಹನ್ನೊಂದು ಡಿಗ್ರಿ ಕಮ್ಮಿಯಾಗತ್ತಾ? ಮುಖ್ಯ ಕಚೇರಿ ಕೇಳ್ತು, ಯಾರದ್ದು ಸರಿ ಅಂತ. ನಾನೇನು ಹೇಳಬೇಕು? ಮೂವತ್ತೊಂದು ವರ್ಷ ಅಂದೆ. ಅಲ್ಲಿಗೆ ಮುಗೀತು."

ಕೆರೆ ಕಚೇರಿಯವಳೆಂದರೆ ಪಾದರಸದವರೇ ಆರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಹೆಣ್ಣುಮಗಳು. ಮುಖ ಓರೆ ಮಾಡಿ ಉಸಿರು ಬಿಡುವುದನ್ನೂ ಅವರಿಂದಲೇ ಕಲಿತವಳು. ಕೆರೆಯ ದಡದ ಆ ಒಂಟಿ ಕಚೇರಿಯಲ್ಲಿ ಒಬ್ಬಳೇ ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸದೆ ಓದುತ್ತಿದ್ದಳು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಪಾದರಸದವರ ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಮತ್ತೆ ಫೋನು ಬಂತು, ಮೇಲಧಿಕಾರಿಗಳು ಓಡಿದರು. ಕೈ ಖಾಲಿಯಾಗಿ ಹೊರಗೆ ಬಂತು.

ಅಂದಿನ ಮಧ್ಯಾಹ್ನ ಅವರು ಮೂವತ್ತೊಂದು ಎಂದು ಓದಿ ತಂದರು. ಮೇಲಧಿಕಾರಿಗಳು ಅದನ್ನು ನೋಡಿ ಬಾಗಿಲು ಹಾಕಿದರು.

"ನಿನ್ನೆ ನಲವತ್ತೊಂದೂವರೆ, ಇವತ್ತು ಮೂವತ್ತೊಂದಾ? ಶಾಖ ಏನು ಮಾಳಿಗೆಯಿಂದ ಹಾರಿತೇ? ಹೋಗಿ ಇನ್ನೊಂದು ಸಲ ನೋಡ್ಕೊಂಡು ಬನ್ನಿ."

ಅವರು ಹೋಗಿ ನೋಡಿದರು. ಪಾದರಸ ಕದಲಿರಲಿಲ್ಲ. ಅದಕ್ಕೆ ಆದೇಶ ತಲುಪಿರಲಿಲ್ಲ.

"ಮೂವತ್ತೊಂದೇ, ಸರ್."

"ನಿಮ್ಮ ವಯಸ್ಸಿಗೆ ಕಣ್ಣು ಒಂದೊಂದು ದಿನ ಹೀಗೆ ಮಾಡತ್ತೆ," ಎಂದರು ಮೇಲಧಿಕಾರಿಗಳು ಕರುಣೆಯಿಂದ. "ಶಾಖಕ್ಕೂ ಒಂದು ಕ್ರಮ ಇದೆ ರೀ. ಬಂದ ರಭಸಕ್ಕೆ ಹೋದರೆ ನೋಡಿದವರು ಏನಂತಾರೆ? ಮೂರು ದಿನಕ್ಕೊಂದು ಡಿಗ್ರಿ ಇಳಿಯಲಿ. ನಲವತ್ತು ಪಾಯಿಂಟ್ ಆರು ಬರೀರಿ."

ಮೇಲಧಿಕಾರಿಗಳು ಹೇಳಿದಾಗಲೆಲ್ಲ ಪಾದರಸದವರ ಕೈ ತಾನಾಗಿ ಸಲಾಮಿಗೆ ಹಣೆಯತ್ತ ಹೋಗುತ್ತಿತ್ತು. ಅಂದೂ ಹೋಯಿತು. ಆಮೇಲೆ ಅದೇ ಕೈ ಬರೆಯಿತು.

ಹೀಗೆ ಊರಿನ ಶಾಖ ಸರಕಾರಿ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಇಳಿಯತೊಡಗಿತು. ಆಕಾಶದಲ್ಲಿ ಮೋಡ ಬಿಡಲಿಲ್ಲ. ಸಂಜೆ ತೆಳ್ಳನೆಯ ಗಾಳಿ ಬೀಸುತ್ತಿತ್ತು. ಆದರೂ ಬೀದಿ ಬೇಯುತ್ತಿತ್ತು. ದರ್ಜಿಯಮ್ಮನ ಬಳಿ ತೋಳು ಕತ್ತರಿಸಿಕೊಡಿ ಎಂದು ಅಂಗಿಗಳು ರಾಶಿ ಬಿದ್ದವು. ಮೂಲೆಮನೆಯ ನಿವೃತ್ತ ಮೇಷ್ಟರು ಪಾದಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡೇ ಪತ್ರಿಕೆ ಓದಿದರು. ಮೂರನೆಯ ದಿನ ಅವರಿಗೆ ನೆಗಡಿಯಾಯಿತು. ಅದು ಉಷ್ಣದ ನೆಗಡಿ ಎಂದರು.

"ಮೋಡ ಇದೆಯಲ್ಲಮ್ಮ," ಎಂದು ಪಾದರಸದವರು ಒಂದು ದಿನ ದರ್ಜಿಯಮ್ಮನಿಗೆ ಹೇಳಿನೋಡಿದರು. "ಗಾಳಿ ತಣ್ಣಗಿಲ್ಲವಾ?"

"ಅದೇ ಅಣ್ಣ ಮೋಸ. ಮೋಡದ ಹಿಂದಿನ ಶಾಖ ಒಳಗೊಳಗೇ ಸುಡತ್ತೆ," ಎಂದಳು ಅವಳು, ಶಾಲು ಹೊದ್ದುಕೊಳ್ಳುತ್ತ.

ಕೆರೆ ಕಚೇರಿಯವಳು ಮಾತ್ರ ದಿನಾ ಮೂವತ್ತು, ಮೂವತ್ತೊಂದು, ಇಪ್ಪತ್ತೊಂಬತ್ತೂವರೆ ಎಂದು ಕಳಿಸುತ್ತಲೇ ಇದ್ದಳು. ಮುಖ್ಯ ಕಚೇರಿಯವರು ಬಂದು ಅವಳ ಥರ್ಮಾಮೀಟರ್ ಪರೀಕ್ಷೆ ಮಾಡಿದರು. ಸರಿಯಾಗಿತ್ತು. ಹಾಗಾದರೆ ಕಣ್ಣಿನ ದೋಷವೆಂದು ಕಣ್ಣಿನ ಡಾಕ್ಟರ ಬಳಿ ಕಳಿಸಿದರು. ಕಣ್ಣೂ ಸರಿಯಾಗಿತ್ತು. ಯಂತ್ರ ಸರಿ, ಕಣ್ಣು ಸರಿ, ಅಂಕಿ ತಪ್ಪು. ಇನ್ನು ಉಳಿದದ್ದು ನಡತೆ. ಪೆಟ್ಟಿಗೆಯ ಬಳಿಗೇ ಹೋಗದೆ ಕೂತಲ್ಲಿ ಬರೆಯುತ್ತಾಳೆ ಎಂದು ತೀರ್ಮಾನವಾಯಿತು. ಹತ್ತು ದಿನದೊಳಗೆ ವಿವರಣೆ ಕೊಡದಿದ್ದರೆ ಕೆಲಸ ಇಲ್ಲ ಎಂದು ನೋಟೀಸು ಹೋಯಿತು.

ಪಾದರಸದವರು ಹೊಸ ಕಾಗದ ಬರೆದರು. ಈ ಸಲ ಅರ್ಧ ಪುಟ. ಹಳೆಯ ಲಕೋಟೆ ಹರಿದು, ಹೊಸದನ್ನು ಅಂಟಿಸಿ, ಅದೇ ಜೇಬಿಗೆ ಹಾಕಿದರು.

"ಅಂಗಿ ಒಗೆಯೋಕೆ ಬಿಡ್ತೀರೋ ಇಲ್ವೋ?" ಎಂದರು ಹೆಂಡತಿ. "ದಿನಾ ಆ ಲಕೋಟೆ ತೆಗೆದು ಇಡೋದು, ಮತ್ತೆ ಹಾಕೋದು. ಅದಕ್ಕೇನು ಗಾಳಿ ಹಿಡಿಸಿಕೊಂಡು ಬರ್ತೀರಾ?"

"ಕ್ರಮಕ್ಕೆ ಮೇಲಧಿಕಾರಿಗಳ ಮೂಲಕ ಹೋಗಬೇಕು."

"ಹಾಗಾದ್ರೆ ಅವರಿಗೆ ಕೊಡಿ."

"ಅವರ ಮೂಡು ನೋಡಿ ಕೊಡಬೇಕು."

ಎರಡನೆಯ ಭಾನುವಾರ ಬೆಳಿಗ್ಗೆ ಕೆರೆ ಕಚೇರಿಯವಳು ತಾನೇ ಬಂದಳು. ಬಸ್ಸಿಳಿದು ನಡೆದು ಬಂದಿದ್ದಳು. ಕೈಯಲ್ಲಿ ನಾಲ್ಕು ವರ್ಷದ ರಿಜಿಸ್ಟರುಗಳ ಚೀಲವಿತ್ತು. ಕುರ್ಚಿಯ ತುದಿಯಲ್ಲಿ ಕೂತಳು.

"ಸರ್, ನೀವು ಕಲಿಸಿದ ಹಾಗೇ ಓದ್ತೀನಿ. ನೋಡಿ, ಇದು ಜೇಬುಪುಸ್ತಕ, ಇದು ರಿಜಿಸ್ಟರು. ಎಲ್ಲಿ ತಪ್ಪಿದೀನಿ ಅಂತ ನೀವಾದ್ರೂ ಹೇಳಿ. ನನಗೆ ಸಿಗ್ತಾ ಇಲ್ಲ."

ಪಾದರಸದವರು ಅವಳ ರಿಜಿಸ್ಟರು ತೆರೆದು ಒಂದೊಂದೇ ಪುಟ ತಿರುವಿದರು. ತಿರುವುವುದು ಬಹಳ ಹೊತ್ತು ನಡೆಯಿತು. ಅಲ್ಲಿ ತಪ್ಪೇನೂ ಇರಲಿಲ್ಲ. "ಅಕ್ಷರ ಚೆನ್ನಾಗಿದೆ ಮಗಳೇ," ಎಂದರು ಕೊನೆಗೆ.

ಹೆಂಡತಿ ಚಹಾ ತಂದಿಟ್ಟು, ಗಂಡನ ಜೇಬನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಅಲ್ಲೇ ನಿಂತರು. ಆ ನೋಟ ತಡೆಯಲಾಗದೆ ಪಾದರಸದವರು, "ಬಾ, ಒಂದು ವಿಶೇಷ ತೋರಿಸ್ತೀನಿ," ಎಂದು ಎದ್ದು ಅವಳನ್ನು ಗಾಜಿನ ಮನೆಯ ಮುಂದೆ ನಿಲ್ಲಿಸಿದರು. ದೀಪ, ಟ್ಯೂಬು, ಬಿಲ್ಲೆ, ಹುಳದ ಅಳತೆ, ಎಲ್ಲವನ್ನೂ ವಿವರಿಸಿದರು. ಮರಿ ಅವಳನ್ನು ಕಂಡು ಮುಂಗಾಲೊಂದನ್ನು ಎತ್ತಿ ಗಾಳಿಯಲ್ಲಿ ಮೆಲ್ಲಗೆ ಸುತ್ತಿಸಿತು.

"ನೋಡು, ಬಂದವರಿಗೆಲ್ಲ ಕೈ ಎತ್ತತ್ತೆ. ಮರ್ಯಾದೆ ಗೊತ್ತು."

ಅವಳು ಗಾಜಿಗೆ ಅಂಟಿಸಿದ್ದ ಮಗಳ ಚೀಟಿಯನ್ನು ಓದುತ್ತಿದ್ದಳು. ಎದುರಿಗೆ ಬರೆದದ್ದೇನಿದ್ದರೂ ಪೂರ್ತಿ ಓದುವುದು ಅವಳ ಅಭ್ಯಾಸ. ಅದೂ ಅವರೇ ಕಲಿಸಿದ್ದು. "ಮರ್ಯಾದೆಗಲ್ಲ ಸರ್," ಎಂದಳು. "ಇಲ್ಲಿ ಬರೆದಿದೆ. ದೊಡ್ಡದನ್ನ ಕಂಡಾಗ ಮರಿ ಕೈ ಎತ್ತುತ್ತೆ. ನಾನು ಚಿಕ್ಕವನು, ನನಗೇನೂ ಮಾಡಬೇಡ ಅಂತ."

ಚೀಟಿಯ ಪಕ್ಕದಲ್ಲಿ ಮೊಳೆಗೆ ಜೇಬುಪುಸ್ತಕ ನೇತುಹಾಕಿತ್ತು. ಅದೂ ಬರೆದದ್ದೇ. ಅವಳು ಅದನ್ನೂ ತೆಗೆದು ಓದಿದಳು. ಇವತ್ತಿನ ಪುಟ, ನಿನ್ನೆಯದು, ಹಿಂದಿನ ವಾರದ್ದು. ಒಂದು ಕಡೆ ನಿಂತಳು. ಆ ಗುರುವಾರದ ಎಡಪುಟ, ಆ ಗುರುವಾರದ ಬಲಪುಟ.

ಅವಳು ಪುಸ್ತಕವನ್ನು ಮೊಳೆಗೆ ಮೊದಲಿದ್ದಂತೆಯೇ ಸಿಕ್ಕಿಸಿದಳು.

"ಇಟ್ಟಿಗೆ ಚೆನ್ನಾಗಿ ಕಾದಿದೆ ಸರ್," ಎಂದಳು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಸ್ಸಿಗೆ ಹೊತ್ತಾಯ್ತಮ್ಮ, ಬರ್ತೀನಿ," ಎಂದು ಚೀಲ ಎತ್ತಿಕೊಂಡು ಹೋದಳು. ಚಹಾ ಲೋಟದಲ್ಲಿ ಹಾಗೆಯೇ ಉಳಿದಿತ್ತು.

ಪಾದರಸದವರು ಮರುದಿನ ಲಕೋಟೆಯನ್ನು ಮೇಲಧಿಕಾರಿಗಳ ಮೇಜಿನ ಮೇಲೆ ಇಟ್ಟೇಬಿಟ್ಟರು. ಮೇಲಧಿಕಾರಿಗಳು ನಿಂತು ಓದಿದರು. ಕೂತು ಇನ್ನೊಮ್ಮೆ ಓದಿದರು. ಮಡಿಕೆ ಕೆಡದಂತೆ ಮಡಚಿ ಲಕೋಟೆಗೆ ಹಾಕಿ ಪಾದರಸದವರ ಜೇಬಿಗೇ ತುರುಕಿದರು.

"ಅಕ್ಷರ ಚೆನ್ನಾಗಿದೆ," ಎಂದರು. "ಇಟ್ಕೊಳ್ಳಿ. ಹತ್ತು ದಿನದಿಂದ ಶಾಲೆ ಹನ್ನೊಂದಕ್ಕೇ ಬಿಡಿಸ್ತಿದೀವಿ, ಮಂತ್ರಿಗಳು ಮಾತಾಡಿದಾರೆ, ನಾನು ಮುಖ್ಯ ಕಚೇರೀಲಿ ಭಾಷಣ ಮಾಡಿದೀನಿ. ಇದೆಲ್ಲ ಒಂದು ಇಟ್ಟಿಗೆ ಅಂತ ಹೇಳಲಾ? ಶುಕ್ರವಾರ ನಿಮಗೆ ಪ್ರಶಂಸಾಪತ್ರ ಕೊಡ್ತಿದಾರೆ. ಒಳ್ಳೆ ಅಂಗಿ ಹಾಕ್ಕೊಂಡು ಬನ್ನಿ."

ಬುಧವಾರ ವಿದ್ಯುತ್ ಕಚೇರಿಯ ತನಿಖೆಯವನು ಬಂದ. ಬಿರುಬಿಸಿಲಿನ ಕಾರಣ ವಿದ್ಯುತ್ ಉಳಿಸಬೇಕು, ಶಾಖ ಇಳಿಯುವವರೆಗೆ ಕಾಯಿಸುವ ದೀಪ, ಕರೆಂಟಿನ ಒಲೆ ಯಾವುದನ್ನೂ ಹಚ್ಚಕೂಡದು ಎಂದು ಆದೇಶವಾಗಿತ್ತು. ಅವನು ಗಾಜಿನ ಮನೆಯ ಮುಂದೆ ನಿಂತು ತಲೆ ಕೆರೆದುಕೊಂಡ.

"ಹೊರಗೆ ಇಷ್ಟು ಬೆಂಕಿ. ಒಳಗೆ ದೀಪ ಹಚ್ಚಿ ಕಾಯಿಸ್ತಿದ್ದೀರಾ?"

"ಹೊರಗೆ ಮೂವತ್ತೇ ಇರೋದು," ಎಂದರು ಪಾದರಸದವರು.

"ಯಾರು ಹೇಳಿದ್ದು?"

"ನಾನು."

"ಸುದ್ದೀಲಿ ಮೂವತ್ತಾರು ಚಿಲ್ಲರೆ ಅಂತ ಬಂತಲ್ಲ, ಅದು ಯಾರು ಹೇಳಿದ್ದು?"

"ಅದೂ ನಾನೇ."

ತನಿಖೆಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. "ಬಿಸಿಲು ತಲೆಗೆ ಹತ್ತಿದೆ," ಎಂದು ಹೆಂಡತಿಗೆ ಹೇಳಿ, ದೀಪದ ಪ್ಲಗ್ಗಿಗೆ ತಂತಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಇನ್ನೆರಡು ಮನೆಗಳಿವೆಯೆಂದು ಹೋದ.

ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ತಣ್ಣಗಾಯಿತು. ಮರಿಯ ಮೈಬಣ್ಣ ಕಂದಿ ಕಲ್ಲಿದ್ದಲಿನಂತಾಯಿತು. ಗುರುವಾರ ಅದು ಹುಳ ಮುಟ್ಟಲಿಲ್ಲ. ತಿಂದದ್ದೂ ಬಿಸಿಯಿಲ್ಲದೆ ಹೊಟ್ಟೆಯಲ್ಲಿ ಅರಗದೆ ಕೂತಿತ್ತು. ಕಿಟಕಿಯ ಬಳಿ ಇಟ್ಟರು. ಕಿಟಕಿಯಲ್ಲಿ ಬರೀ ಮೋಡ. ಹೆಂಡತಿ ಬಿಸಿನೀರಿನ ಚೀಲಕ್ಕೆ ಟವಲು ಸುತ್ತಿ, ಅದರ ಮೇಲೆ ಮರಿಯನ್ನು ಮಲಗಿಸಿ, ತೊಡೆಯ ಮೇಲಿಟ್ಟುಕೊಂಡು ಇಡೀ ಮಧ್ಯಾಹ್ನ ಕದಲದೆ ಕೂತರು. ಅಜ್ಜ, ಅಜ್ಜ ಎಂದು ಆಗಾಗ ಅದರ ಬೆನ್ನು ಸವರುತ್ತಿದ್ದರು. ಗಂಡ ಬಂದು ನಿಂತಾಗ ತಲೆ ಎತ್ತಿದರು.

"ಊರಿಗೆಲ್ಲ ಬಿಸಿ ಹಂಚಿದ್ರಿ," ಎಂದರು. "ಬೆರಳುದ್ದದ ಜೀವಕ್ಕೆ ಕೊಡೋಕೆ ಇಷ್ಟು ಉಳಿಸಲಿಲ್ಲ."

ಶುಕ್ರವಾರದ ಸಭೆಯಲ್ಲಿ ಫ್ಯಾನುಗಳು ಪೂರ್ತಿ ಜೋರಿನಲ್ಲಿ ತಿರುಗುತ್ತಿದ್ದವು. ಮುಂದಿನ ಸಾಲಿನವರು ನಡುಗುತ್ತಿದ್ದರು. ಪ್ರಶಂಸಾಪತ್ರ ಕೊಟ್ಟು ಎರಡು ಮಾತಾಡಿ ಎಂದರು. ಪಾದರಸದವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಇದು ನನ್ನ ತಪ್ಪಿನಿಂದ ಆದದ್ದು," ಎಂದರು.

ಚಪ್ಪಾಳೆ ಬಿತ್ತು.

"ನಿಜವಾಗಲೂ ಹೇಳ್ತಿದೀನಿ. ನಾನು ಆ ದಿನ ಸರಿಯಾಗಿ ನೋಡಿ ಬರೀಲಿಲ್ಲ."

ಮುಖ್ಯ ಕಚೇರಿಯವರು ಕಣ್ಣೊರೆಸಿಕೊಂಡರು. "ಎಂಥ ವಿನಯ," ಎಂದು ಪಕ್ಕದವರಿಗೆ ಹೇಳಿದ್ದು ಮೈಕಿನಲ್ಲಿ ಕೇಳಿಸಿತು. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಮೇಲಧಿಕಾರಿಗಳು ಎದ್ದು ಬಂದು ಅವರ ಭುಜ ಬಳಸಿ, ಮೈಕಿನಿಂದ ದೂರಕ್ಕೆ, ಬಹಳ ಪ್ರೀತಿಯಿಂದ, ಕರೆದುಕೊಂಡು ಹೋದರು. ಬಾಯಿಂದ ಆಡಿದ್ದು ಆ ಇಲಾಖೆಯಲ್ಲಿ ಯಾವತ್ತೂ ಲೆಕ್ಕಕ್ಕೆ ಬಂದದ್ದಿಲ್ಲ. ಬರೆದದ್ದು ಮಾತ್ರ ಬರುತ್ತದೆ. ಬರೆದದ್ದು ಜೇಬಿನಲ್ಲಿತ್ತು.

ಸೋಮವಾರ ಬೆಳಿಗ್ಗೆ, ಬಿಸಿನೀರಿನ ಚೀಲದ ಮೇಲಿನ ಮರಿಯನ್ನು ಹೆಂಡತಿಗೆ ಒಪ್ಪಿಸಿ ಬಂದರೆ, ಮೇಲಧಿಕಾರಿಗಳು ಹಗುರವಾಗಿ ಕಂಡರು. "ಬನ್ನಿ ಬನ್ನಿ," ಎಂದು ಒಂದು ಹಾಳೆ ಮುಂದೆ ತಳ್ಳಿದರು. "ನಿಮ್ಮ ಚಿಂತೆ ಮುಗೀತು. ಕೆರೆ ಕಚೇರಿಯವಳು ವಿವರಣೆ ಬರೆದುಕೊಟ್ಟಿದಾಳೆ. ತಪ್ಪು ಒಪ್ಕೊಂಡಿದಾಳೆ. ಕೆಲಸ ಹೋಗಲ್ಲ. ಖಾಯಂ ಮಾತ್ರ ಇನ್ನು ಆಗಲ್ಲ, ಅದು ಬಿಡಿ. ಇದು ನಾಳೆ ಮುಖ್ಯ ಕಚೇರಿಗೆ ಹೋಗತ್ತೆ, ಕಡತ ಮುಚ್ಚತ್ತೆ. ನೀವು ಆ ಕಾಗದ ಇನ್ನು ಹರಿದುಹಾಕಬಹುದು."

ದುಂಡಗಿನ ಅಕ್ಷರದಲ್ಲಿ ನಾಲ್ಕು ಸಾಲು ಇತ್ತು. ತಾನು ಓದಿದ ಅಂಕಿಗಳೆಲ್ಲ ತಪ್ಪು. ಅಜಾಗರೂಕತೆಗೆ ಕ್ಷಮೆ ಇರಲಿ. ತನಗೆ ಕೆಲಸ ಕಲಿಸಿದವರು ಓದಿದ್ದೇ ಸರಿ. ಇನ್ನು ಮುಂದೆ ಅವರ ಅಂಕಿಯನ್ನು ಕೇಳಿಕೊಂಡೇ ಬರೆಯುತ್ತೇನೆ. ಕೆಳಗೆ ಅವಳ ಸಹಿ. ಸಹಿಯ ಕೆಳಗೆ, ನಿಯಮದಂತೆ, ತಾರೀಖು ಮತ್ತು ಆ ಹೊತ್ತಿನ ಶಾಖ: ಮೂವತ್ತೈದು ಪಾಯಿಂಟ್ ಆರು. ಅಂದಿನ ದಿನಕ್ಕೆ ಮೇಲಧಿಕಾರಿಗಳು ಗೊತ್ತುಮಾಡಿದ್ದ ಅಂಕಿ ಅದು.

ಪಾದರಸದವರು ಆ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಿದರು. ನಾಲ್ಕು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು.

"ಏನ್ರೀ?" ಎಂದರು ಮೇಲಧಿಕಾರಿಗಳು.

ಅವರ ಕೈ ಹಣೆಯತ್ತ ಹೋಗಲಿಲ್ಲ. ಕೊಡೆಯನ್ನೂ ಮರೆತು, ಕಚೇರಿಯಿಂದ ಹೊರಗೆ ನಡೆದರು. ಹತ್ತು ಗಂಟೆಯಾಗಿತ್ತು, ಮೂವತ್ತೊಂದು ವರ್ಷದಲ್ಲಿ ಆ ಹೊತ್ತಿಗೆ ಅವರು ಹೊರಗೆ ಹೋದದ್ದಿಲ್ಲ. ದಾರಿಯಲ್ಲಿ ಎರಡು ಹನಿ ಮಳೆ ಬಿತ್ತು.

ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದವನು ಕೊರಳಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡಿದ್ದ. ಲಕೋಟೆಯ ಅಂಚು ಬೆವರಿನಿಂದ ಹಳದಿಯಾಗಿತ್ತು, ಮೂಲೆ ಮುದುರಿತ್ತು.

"ರಿಜಿಸ್ಟರ್ಡ್," ಎಂದರು ಪಾದರಸದವರು.

"ಮುಖ್ಯ ಕಚೇರಿಗಾ? ನೇರವಾಗಿ? ನಿಮ್ಮದು ಯಾವಾಗಲೂ ಕಚೇರಿಯ ಚೀಲದಲ್ಲಿ ಬರತ್ತಲ್ಲ."

"ಇದು ನೇರ."

"ಇವತ್ತಿನ ಗಾಡಿ ಮಧ್ಯಾಹ್ನ ಹೊರಡಲ್ಲ. ಬಿಸಿಲಿನ ಆದೇಶ ಇದೆ, ನಿಮ್ಮ ಕಚೇರಿಯದ್ದೇ. ನಾಳೆ ಹೋಗತ್ತೆ."

"ಬೆಳಗಿನ ಗಾಡಿ?"

"ಅದೋ, ಹಿಂದೆ ನಿಂತಿದೆ. ಚೀಲ ಕಟ್ಟಾಯ್ತು."

"ಬಿಚ್ಚಿ," ಎಂದರು ಪಾದರಸದವರು. ಅವರು ಯಾರಿಗೂ ಹಾಗೆ ಹೇಳಿದ್ದಿಲ್ಲ. ಅವನೂ ಅವರ ಮುಖ ನೋಡಿದ. ಗೊಣಗುತ್ತ ಲಕೋಟೆ ತೂಗಿದ, ಮುದ್ರೆ ಹೊಡೆದ, ಎದ್ದು ಹಿಂದೆ ಹೋಗಿ ಚೀಲದ ದಾರ ಬಿಚ್ಚಿದ.

"ಏನಿದೆ ಅಂಥಾದ್ದು ಇದರಲ್ಲಿ?"

"ಒಂದು ಅಂಕಿ."

"ಒಂದು ಅಂಕಿಗೆ ಇಷ್ಟು ಅವಸರವಾ?"

"ಎರಡೂವರೆ ವಾರ ತಡವಾಗಿದೆ," ಎಂದರು ಪಾದರಸದವರು.

ಅವನು ಲಕೋಟೆಯನ್ನು ಚೀಲದೊಳಗೆ ಬಿಟ್ಟು, ದಾರ ಬಿಗಿದು, ಗಾಡಿಯ ಹಿಂಬದಿಗೆ ಎಸೆದ. ಗಾಡಿ ಹೊರಟಿತು. ಪಾದರಸದವರು ಕೈಯಲ್ಲಿ ರಸೀತಿ ಹಿಡಿದು, ತುಂತುರಿನಲ್ಲಿ ನೆನೆಯುತ್ತ, ಅದು ಬೀದಿಯ ತುದಿಯಲ್ಲಿ ತಿರುಗುವವರೆಗೆ ನೋಡಿದರು.